ಚೌಡಮ್ಮನ ಕರಿ ಹ್ಯಾಟೆ

ಮೊನ್ನೆ ನನ್ನ ಮಗ ಸೈಕಲ್ಲಿಂದ ಬಿದ್ದು ಮಂಡಿ ತರಚಿಸಿಕೊಂಡು ಬಂದ. ನನ್ನ ಅತ್ತೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ಅದಕ್ಕೆ ಅರಿಶಿನ ಉದುರಿಸಿದರು. ಶಿಕಾರಿಪುರದ ನಮ್ಮ ಮನೆ ಚಿಕ್ಕದು, ಅಡುಗೆಮನೆಯಲ್ಲಿ ಸೀನಿದರೆ ಹೊರಬಾಗಿಲಿಗೆ ಕೇಳುತ್ತದೆ. ನಾನು ಮುಂದಿನ ಕೋಣೆಯಲ್ಲಿ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಆ ಬಿಸಿ ಅರಿಶಿನದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಷನ್ನಿನಿಂದ ಎದ್ದು ಹಿತ್ತಿಲಿಗೆ ಓಡಿದ್ದೆ. ಹಿತ್ತಿಲಲ್ಲಿ ಏನಿದೆ? ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಪಕ್ಕದವರ ಸ್ಕೂಟರು. ಅತ್ತೆ ಹಿಂದೆಯೇ ಬಂದರು. “ಯಾಕವ್ವಾ, ಮಗ ಇಲ್ಲಿ ಅಳಾಕತ್ತಾನ, ನೀ ಅಲ್ಲೇನ್ ಹುಡುಕ್ತಿ?” ಎಂದರು. ನಾನು ಒಂದು ಕೋಳಿಯನ್ನು ಹುಡುಕುತ್ತಿದ್ದೆ ಎಂದು ಅವರಿಗೆ ಹೇಗೆ ಹೇಳಲಿ? ಈ ಮನೆಯಲ್ಲಿ ನಾವು ಕೋಳಿಯನ್ನೇ ಸಾಕಿಲ್ಲ.

ನಾನು ಹೇಳುತ್ತಿರುವುದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ, ನನ್ನ ತವರಿನಲ್ಲಿ ಕಳೆದ ಒಂದು ಬೇಸಿಗೆಯ ಮಾತು. ನನ್ನ ತಂಗಿ ರೇಣುಕಾ ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಶಿಕಾರಿಪುರದ ಆಚೆ ಅಂಜನಾಪುರಕ್ಕೆ. ಅಪ್ಪ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ಅವ್ವನಿಗೆ ಒಂದು ಕೈ ಆಸರೆ ಬೇಕಿತ್ತು. ನನ್ನ ಮಕ್ಕಳಿಗೆ ರಜೆ ಬಂದಿತ್ತು, ಅವರನ್ನು ಅತ್ತೆಯ ಹತ್ತಿರ ಬಿಟ್ಟು ಹೊಲಿಗೆಯ ಗಂಟು ಕಟ್ಟಿಕೊಂಡು ನಾನು ಮೊದಲೇ ಹೋಗಿದ್ದೆ. ಆರಾಮಾಗಿ ಎರಡು ತಿಂಗಳು ಹರಟೆ ಹೊಡೆಯಬಹುದು ಎಂದುಕೊಂಡಿದ್ದೆವು. ಅವ್ವ ಆಗಲೇ ಹುಟ್ಟುವ ಕೂಸಿಗೆಂದು ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ, ಮಸಿ ಹಿಡಿದು ಕಾಡಿಗೆ ಮಾಡಿಟ್ಟಿದ್ದಳು.

ಕೂಸು ಅಷ್ಟು ದಿನ ಕಾಯಲಿಲ್ಲ. ಏಳು ತಿಂಗಳು ತುಂಬಿತ್ತೋ ಇಲ್ಲವೋ, ಒಂದು ಮಧ್ಯಾಹ್ನ ರೇಣುಕಾಗೆ ನೋವು ಶುರುವಾಯಿತು. ಸೊರಬದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ನಾನು ಒಂದು ಸಲ ನೋಡಿದೆ, ನನ್ನ ಎರಡು ಅಂಗೈಯಲ್ಲಿ ಆರಾಮಾಗಿ ಹಿಡಿಸುತ್ತಿತ್ತು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ಡಾಕ್ಟರು ತಡಮಾಡದೆ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ತಾಯಿಯ ಜೊತೆಗೆ ಒಬ್ಬರೇ ಇರಬಹುದು ಎಂದದ್ದರಿಂದ ಅವಳ ಗಂಡ ಲೋಕೇಶ ನಿಂತ. ಅವ್ವ ಮತ್ತು ನಾನು ಬರಿಗೈಯಲ್ಲಿ ಕುಪ್ಪಗಡ್ಡೆಗೆ ವಾಪಸ್ಸಾದೆವು.

ಅವ್ವ ಮನೆಯೊಳಗೆ ಕಾಲಿಡಲಿಲ್ಲ. ಸೀರೆಯನ್ನೂ ಬದಲಿಸದೆ ಹಿತ್ತಿಲಿಗೆ ಹೋಗಿ, ನಮ್ಮ ಗದ್ದೆಯ ಅಂಚಿನಲ್ಲಿರುವ ಚೌಡಮ್ಮನ ಕಲ್ಲಿನ ದಿಕ್ಕಿಗೆ ಸೆರಗೊಡ್ಡಿ ನಿಂತಳು. “ತಾಯೀ, ಆ ಕೂಸು ಬದುಕಿ ನನ್ನ ಹೊಸ್ತಿಲು ದಾಟಿ ಒಳಗೆ ಬರ್ಲಿ. ಕರಿ ಹ್ಯಾಟೆ ಬಿಡ್ತೀನಿ. ಕೂಸು ಬಂದ ಮೇಲೆ ನಿಂಗೆ ಒಪ್ಪಿಸ್ತೀನಿ” ಎಂದಳು. ಹ್ಯಾಟೆ ಎಂದರೆ ನಮ್ಮ ಕಡೆ ಹೆಣ್ಣು ಕೋಳಿ. ನನಗೆ ಆಗ ಹರಕೆಯ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಅವಳ ಹಿಂದೆ ನಿಂತು ನಾನೂ ಕೈ ಮುಗಿದೆ. ಬೇರೆ ಏನು ಮಾಡುವುದಕ್ಕಿತ್ತು?

ಹರಕೆಯ ಕೋಳಿಗೆ ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡಿದೆ. ಕೋಳಿ ಪೂರ್ತಿ ಕಪ್ಪಗಿರಬೇಕು, ಒಂದು ಬಿಳಿ ಪುಕ್ಕವೂ ಇರಕೂಡದು. ಹೆಸರು ಹೇಳಿ ಬಿಟ್ಟ ಮೇಲೆ ಅದನ್ನು ಕಟ್ಟಿಹಾಕಬಾರದು, ಬುಟ್ಟಿಯಡಿ ಮುಚ್ಚಬಾರದು. ಕಟ್ಟಿದರೆ ಹರಕೆಯನ್ನೇ ಕಟ್ಟಿದ ಹಾಗೆ. ಅದು ಮನೆಯ ಕೋಳಿಗಳ ಜೊತೆಗೇ ತಿರುಗಾಡಬೇಕು, ಮನೆಯ ಕಾಳನ್ನೇ ತಿನ್ನಬೇಕು. ಯಾರೂ ತಪ್ಪಿ ಹಿಡಿಯದಿರಲೆಂದು ಕಾಲಿಗೆ ಕೆಂಪು ಬಟ್ಟೆ ಕಟ್ಟಿ, ಮಂಗಳವಾರ, ಶುಕ್ರವಾರ ಜುಟ್ಟಿಗೆ ಅರಿಶಿನ ಕುಂಕುಮ ಹಚ್ಚಬೇಕು.

ನಮ್ಮ ಹಿತ್ತಿಲಲ್ಲಿ ಕರಿಯದೊಂದು ಬಿಟ್ಟು ಎಲ್ಲ ಬಣ್ಣದ ಕೋಳಿಗಳೂ ಇದ್ದವು. ಅವುಗಳಿಗೆ ಯಜಮಾನಿ ಗೌಡ್ತಿ. ಕಂದು ಬಣ್ಣದ ದಪ್ಪ ಹ್ಯಾಟೆ. ಅವಳು ತಿಂದು ಕೊಕ್ಕು ಒರೆಸಿಕೊಂಡ ಮೇಲೆಯೇ ಉಳಿದವಕ್ಕೆ ಕಾಳು. ಅವಳ ಬಲಗೈಯಂತೆ ಗಿಡ್ಡಿ ಎಂಬ ಕುಳ್ಳ ಕಾಲಿನದು. ಒಂದು ಹುಂಜವೂ ಇತ್ತು, ಕೂಗುವುದೊಂದು ಬಿಟ್ಟು ಬೇರೆ ಉಪಯೋಗವಿಲ್ಲದ್ದು.

ಕರಿ ಹ್ಯಾಟೆಯನ್ನು ತಂದವರು ಅಂಜನಾಪುರದ ಬೀಗರು, ಲೋಕೇಶನ ಅಪ್ಪ. ಕೈಚೀಲದಿಂದ ಅದರ ಕತ್ತು ಹೊರಗೆ ಬಿಟ್ಟುಕೊಂಡು, ಆ ಬಿಸಿಲಿನಲ್ಲಿ ಬೈಕಿನ ಮೇಲೆ ಬಂದರು. ಮುಖ ಬಾಡಿತ್ತು. “ನೋಡ್ರಿ ಬೀಗ್ತಿ, ಊರೆಲ್ಲ ತಿರುಗಿ ತಂದೀನಿ. ಒಂದ್ ಚುಕ್ಕಿನೂ ಇಲ್ಲ. ಇನ್ನ ಮೊಟ್ಟಿ ಇಟ್ಟಿಲ್ಲ” ಎಂದರು. ಅವ್ವ ಅದರ ರೆಕ್ಕೆ ಬಿಡಿಸಿ ಬಿಡಿಸಿ ನೋಡಿದಳು. ಮನೆಗೆ ಒಗ್ಗಲೆಂದು ಒಲೆಗೆ ಮೂರು ಸುತ್ತು ಸುತ್ತಿಸಿದಳು, ಕಾಲಿಗೆ ಕೆಂಪು ಬಟ್ಟೆ ಕಟ್ಟಿದಳು, ಜುಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು, ಹೆಸರು ಹೇಳಿ ಹಿತ್ತಿಲಿಗೆ ಬಿಟ್ಟಳು. ಬೀಗರು ಟವೆಲಿನಿಂದ ಕಣ್ಣೊರೆಸಿಕೊಂಡು, ಚಹಾ ಕುಡಿಯದೆ ಹೋದರು.

ಅದು ಎರಡು ಹೆಜ್ಜೆ ಇಟ್ಟಿರಲಿಲ್ಲ, ಗೌಡ್ತಿ ಬಂದಳು. ಬಂದವಳೇ ನೇರ ತಲೆಗೆ ಕುಕ್ಕಿದಳು. ಹಿಂದೆಯೇ ಗಿಡ್ಡಿ, ಅವಳ ಹಿಂದೆ ಉಳಿದವು. ಪಾಪದ್ದು ಕೂಗುತ್ತಾ ಸೌದೆ ರಾಶಿಯ ಸಂದಿಗೆ ನುಗ್ಗಿತು. ನಾನು ಕೈ ಬೀಸಿ ಓಡಿಸಿದೆ, ಅವು ಒಂದು ಸುತ್ತು ಹಾಕಿ ಮತ್ತೆ ಬಂದವು. ಹೊಸ ಕೋಳಿಯನ್ನು ಹಳೆಯವು ಸುಮ್ಮನೆ ಸೇರಿಸುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಕೋಳಿಗಳ ನಡುವೆಯೇ ಬೆಳೆದವಳು ನಾನು. ಸಾಮಾನ್ಯವಾಗಿ ಹೊಸದನ್ನು ಕೆಲವು ದಿನ ಬುಟ್ಟಿಯಡಿ ಮುಚ್ಚಿಡುತ್ತೇವೆ. ಅವು ಹೊರಗಿಂದ ನೋಡಿ ನೋಡಿ ಬೇಸತ್ತು, ಆಮೇಲೆ ಬಿಟ್ಟಾಗ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಇದನ್ನು ಮುಚ್ಚುವ ಹಾಗಿಲ್ಲವಲ್ಲ.

“ಎರಡು ದಿನ ಬುಟ್ಟಿ ಹಾಕಣ ಕಣವ್ವ. ಚೌಡಮ್ಮಂಗೂ ಅರ್ಥ ಆಗ್ತತೆ” ಎಂದೆ.

ಅವ್ವ ನನ್ನತ್ತ ತಿರುಗಿದಳು. “ಅಲ್ಲಿ ಕೂಸನ್ನ ಪೆಟ್ಗೇಲಿ ಮುಚ್ಚಿಟ್ಟಾರೆ. ಇದನ್ನೂ ಮುಚ್ಚು ಅಂತೀಯೇನೆ?” ಎಂದಳು.

ಸಂಜೆ ಲೋಕೇಶನ ಫೋನು ಬಂತು. “ಅಕ್ಕಾ, ತಾನಾಗೇ ಉಸ್ರು ಎಳೀವಲ್ದು. ಮಿಷನ್ ಹಾಕ್ಯಾರೆ” ಎಂದ. ಅವ್ವ ಕೇಳಿಸಿಕೊಂಡು ಎದ್ದಳು. ಹೊರಗೆ ಹೋಗಿ ನೋಡಿದಳು. ಕೋಳಿಗಳೆಲ್ಲ ಗೂಡು ಸೇರುವ ಹೊತ್ತು. ಕರಿ ಹ್ಯಾಟೆ ಗೂಡಿನ ಬಾಗಿಲಿಗೆ ಹೋಗುತ್ತದೆ, ಒಳಗಿನಿಂದ ಒಂದು ಕುಕ್ಕು ಬೀಳುತ್ತದೆ, ಹಿಂದೆ ಸರಿಯುತ್ತದೆ. ಮತ್ತೆ ಹೋಗುತ್ತದೆ. ಕೊನೆಗೆ ಗೂಡಿನ ಮೇಲಿನ ಹಲಗೆಯ ತುದಿಯಲ್ಲಿ ಮುದುರಿ ಕೂತಿತು. ಅಲ್ಲಿ ಬಿಟ್ಟರೆ ಕಾಡುಬೆಕ್ಕು ಹೊತ್ತೊಯ್ಯುವುದು ಖಂಡಿತ. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕಕ್ಕೆ ಬಿಟ್ಟೆವು. ಬಾಗಿಲು ಹಾಕಿದರೆ ಮುಚ್ಚಿದ ಹಾಗಾಗುತ್ತದೋ ಇಲ್ಲವೋ ಎಂದು ಅವ್ವ ಬಹಳ ಹೊತ್ತು ಯೋಚಿಸಿ, ಹಸು ಇರುವುದರಿಂದ ತೊಂದರೆಯಿಲ್ಲ ಎಂದು ತೀರ್ಮಾನಿಸಿದಳು.

ಹೀಗೆ ಶುರುವಾಯಿತು ನಮ್ಮ ಪಾಡು. ಬೆಳಗ್ಗೆ ಶಿವಮೊಗ್ಗಕ್ಕೆ ಫೋನು, ಆಮೇಲೆ ಹಿತ್ತಿಲು. ಸಂಜೆ ಹಿತ್ತಿಲು, ಆಮೇಲೆ ಫೋನು. ಒಂದು ದಿನ ಕೂಸಿಗೆ ಪರವಾಗಿಲ್ಲ ಎಂದರೆ ಅವ್ವ, “ಇವತ್ತು ಅದು ನಾಲ್ಕು ಕಾಳು ತಿಂದಿತ್ತು, ಅದಕ್ಕೇಯ” ಎನ್ನುವಳು. ಹರಕೆಯ ಕಟ್ಟುಪಾಡಿನಲ್ಲಿ ಇಂಥ ಲೆಕ್ಕವೇನೂ ಇಲ್ಲ. ಇದು ಅವ್ವ ತಾನೇ ಹೆಣೆದುಕೊಂಡದ್ದು. ಮೊದಲು ನಾನು ನಕ್ಕೆ. “ಕೋಳಿಗೂ ಕೂಸಿಗೂ ಏನ್ ಸಂಬಂಧನೇ ಅವ್ವ?” ಎಂದೆ. ಆದರೆ ಭಯ ಎನ್ನುವುದು ಒಂದೇ ಮನೆಯಲ್ಲಿದ್ದವರಿಗೆ ಬೇಗ ಅಂಟುತ್ತದೆ. ಸ್ವಲ್ಪ ದಿನಕ್ಕೆ ನಾನೂ ಫೋನು ರಿಂಗಾದರೆ ಮೊದಲು ಹಿತ್ತಿಲತ್ತ ಕಣ್ಣು ಹಾಯಿಸಿ, ಕರಿಯದು ಕಾಲ ಮೇಲೆ ನಿಂತಿದೆಯೇ ಎಂದು ನೋಡಿ, ಆಮೇಲೆ ಹಲೋ ಎನ್ನುತ್ತಿದ್ದೆ.

ಮಾಡದ ಉಪಾಯವಿಲ್ಲ. ಕಾಳನ್ನು ಒಂದೇ ಕಡೆ ಚೆಲ್ಲದೆ ಹಿತ್ತಿಲ ತುಂಬ ಚದುರಿಸಿ ಹಾಕಿದೆ. ಹರಿವೆ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ನೇತುಹಾಕಿದೆ. ಅವು ಅದನ್ನು ಹಾರಿ ಹಾರಿ ಕಿತ್ತುಕೊಳ್ಳುವಷ್ಟು ಹೊತ್ತು ಹಿತ್ತಿಲಲ್ಲಿ ಶಾಂತಿ. ಸೊಪ್ಪು ಮುಗಿಯಿತೆಂದರೆ ಮತ್ತೆ ತಲೆಗೇ. ಒಂದು ದಿನ ನನಗೊಂದು ಬುದ್ಧಿ ಹೊಳೆಯಿತು. ಕರಿಯದನ್ನು ಮುಚ್ಚಬಾರದು ಸರಿ, ಗೌಡ್ತಿಯನ್ನು ಮುಚ್ಚಬಾರದೆಂದು ಯಾವ ಚೌಡಮ್ಮನೂ ಹೇಳಿಲ್ಲವಲ್ಲ! ಹಿಡಿದು ಬುಟ್ಟಿಯಡಿ ತುಂಬಿ ಮೇಲೆ ಕಲ್ಲು ಹೇರಿದೆ. ಅವಳು ಒಳಗಿನಿಂದ ಬೈದ ಬೈಗುಳ ಬೀದಿಗೆಲ್ಲ ಕೇಳಿತು. ಅವ್ವ ಆ ದಿನಗಳಲ್ಲಿ ಮೊದಲ ಸಲ ನಕ್ಕಳು. “ಯಜಮಾನ್ತಿನೇ ಜೈಲಿಗೆ ಹಾಕಿದ್ಯಲ್ಲೇ” ಎಂದಳು. ಆದರೆ ಮಧ್ಯಾಹ್ನದೊಳಗೆ ಗಿಡ್ಡಿ ಯಜಮಾನಿಕೆ ವಹಿಸಿಕೊಂಡಿದ್ದಳು. ಗೌಡ್ತಿ ಗತ್ತಿಗೆ ಕುಕ್ಕಿದರೆ, ಇವಳು ಹೊಸ ಅಧಿಕಾರದ ಹುರುಪಿಗೆ ಕುಕ್ಕಿದಳು.

ಆ ಬೇಸಿಗೆ ಬಿಸಿಲೂ ಹಾಗೇ ಇತ್ತು. ಬೆಳಗಿನ ಹೊತ್ತಿಗೇ ಒಗೆಯುವ ಕಲ್ಲು ಕಾಯುತ್ತಿತ್ತು. ಗದ್ದೆಗಳು ಬಿರುಕು ಬಿಟ್ಟು ಬಿದ್ದಿದ್ದವು. ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ನೆರಳಿದ್ದಲ್ಲಿ ಗುಂಪಾಗಿ ಕೂರುತ್ತಿದ್ದವು. ಇದ್ದದ್ದೇ ಒಂದಿಷ್ಟು ನೆರಳು, ಅದರೊಳಗೆ ಕರಿಯದಕ್ಕೆ ಪ್ರವೇಶವಿಲ್ಲ. ಅದು ಬಿಸಿಲಲ್ಲೇ ಸೌದೆಯ ಸಂದಿಯಲ್ಲಿ ನಿಲ್ಲುತ್ತಿತ್ತು. ಕುಡಿಯುವ ನೀರಿಗೂ ಬಿಡುತ್ತಿರಲಿಲ್ಲ. ನಾನು ಹೊಲಿಗೆ ಬಿಟ್ಟು, ಚಿಪ್ಪಿನಲ್ಲಿ ನೀರು ಹಿಡಿದುಕೊಂಡು ಅದರ ಮುಂದೆ ಕೂರುತ್ತಿದ್ದೆ. ಮೊದಮೊದಲು ನನಗೂ ಹೆದರುತ್ತಿತ್ತು. ಆಮೇಲೆ ನಾನು ಹಿತ್ತಿಲಿಗೆ ಬಂದರೆ ಸಾಕು, ಸಂದಿಯಿಂದ ಹೊರಬಂದು ನನ್ನ ಸೀರೆಯಂಚಿನ ಹತ್ತಿರ ನಿಲ್ಲತೊಡಗಿತು. ಅಲ್ಲಿ ಯಾರೂ ಕುಕ್ಕುವುದಿಲ್ಲ ಎಂದು ಅದಕ್ಕೆ ಗೊತ್ತಾಗಿತ್ತು.

ಆ ಮಂಗಳವಾರವನ್ನು ನಾನು ಮರೆಯಲಾರೆ. ಬೆಳಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಕೋಳಿಗೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿದಳು. ಕೂಸಿಗೆ ಜ್ವರ ಎಂದು ಹಿಂದಿನ ದಿನ ಸುದ್ದಿ ಬಂದಿತ್ತು, ಅದಕ್ಕೇ ಕುಂಕುಮ ಜಾಸ್ತಿ. ನಾನು ಒಳಗೆ ಅನ್ನ ಬಸಿಯುತ್ತಿದ್ದೆ. ಹಿತ್ತಿಲಲ್ಲಿ ಗಲಾಟೆ ಕೇಳಿ ಬಂದು ನೋಡಿದರೆ, ಒಗೆಯುವ ಕಲ್ಲಿನ ಮೂಲೆಗೆ ಅದನ್ನು ಒತ್ತಿ ಹಿಡಿದು ಎಲ್ಲವೂ ಸೇರಿ ಕುಕ್ಕುತ್ತಿದ್ದವು. ಅದು ಕೂಗುವುದನ್ನೂ ಬಿಟ್ಟಿತ್ತು. ಬಿಡಿಸಿ ಎತ್ತಿಕೊಂಡೆ. ನೆತ್ತಿಯ ಚರ್ಮ ಕಿತ್ತುಬಂದಿತ್ತು. ಕತ್ತಿನಿಂದ ರಕ್ತ ನನ್ನ ಮೊಣಕೈಗೆ ಇಳಿಯಿತು. ಅವ್ವ ಓಡಿಬಂದು ಸೌಟಿನಲ್ಲಿ ಎಣ್ಣೆ ಕಾಯಿಸಿ ಅರಿಶಿನ ಹಾಕಿದಳು, ಆರಿಸಿ ಹಚ್ಚಿದೆವು. ಹಚ್ಚುವಾಗ ಅದು ಕಣ್ಣು ಮುಚ್ಚಿಕೊಂಡು ನನ್ನ ಕಂಕುಳಲ್ಲಿ ತಲೆ ತೂರಿಸಿತು.

ಅಷ್ಟರಲ್ಲೇ ಫೋನು. ಈ ಸಲ ರೇಣುಕಾ. ಅವಳ ದನಿಯೇ ಬೇರೆಯಾಗಿತ್ತು. “ಅಕ್ಕಾ, ರಕ್ತದಾಗೆ ನಂಜು ಸೇರೈತಂತೆ. ಎರಡು ದಿನ ಏನೂ ಹೇಳಾಕಾಗಲ್ಲ ಅಂದ್ರು. ನಂಗೆ ಅದನ್ನ ಎತ್ಕಳಾಕೂ ಬಿಡಲ್ಲ ಅಕ್ಕಾ. ಗಾಜಿನಾಚೆ ನಿಂತ್ಕಂಡು ನೋಡ್ಬೇಕು.” ಆಮೇಲೆ ಬರೀ ಅಳು. ನಾನು ಏನು ಸಮಾಧಾನ ಹೇಳಿದೆನೋ ನೆನಪಿಲ್ಲ. ಫೋನಿಟ್ಟು, ಕೋಳಿಯನ್ನು ಅವ್ವನ ಮಡಿಲಿಗೆ ಹಾಕಿ, ಸೌದೆಯ ಕೋಲು ಹಿಡಿದು ಆ ಗೌಡ್ತಿಯನ್ನು ಹಿತ್ತಿಲ ತುಂಬ ಅಟ್ಟಿಸಿಕೊಂಡು ಹೋದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ನಿಮ್ಮಪ್ಪಂದೇನೆ ಹಿತ್ತಿಲು, ಅದು ನಿಂದೇನ್ ತಿಂದೈತೆ, ಒಂದು ಹಿಡಿ ಜಾಗ ಕೊಡಾಕಾಗಲ್ವೇನೆ ನಿಂಗೆ ಎಂದು ಕಿರುಚಿದೆ. ಕೋಲು ಮುರಿಯಿತು. ಬೇಲಿಯಾಚೆ ಹೋಗುತ್ತಿದ್ದವರು ನಿಂತು ನೋಡಿದರು, ನನಗೆ ನಾಚಿಕೆಯೂ ಆಗಲಿಲ್ಲ. ಕೂಸು ಸಾಯುತ್ತದೆ ಎಂದು ನನಗೆ ಆ ಹೊತ್ತು ಖಾತ್ರಿಯಾಗಿತ್ತು. ಈ ಕೋಳಿ ಸತ್ತರೆ ಕೂಸೂ ಸಾಯುತ್ತದೆ ಎಂದು ಓದು ಬರಹ ಬಲ್ಲ ನಾನು ಪೂರ್ತಿಯಾಗಿ ನಂಬಿದ್ದೆ. ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಹುಣ್ಣು ಮಾಯಲು ಅವು ಬಿಡಲಿಲ್ಲ. ಒಂದೆರಡು ದಿನ ನಾನು ಕೋಳಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮನೆಗೆಲಸ ಮಾಡಿದೆ. ಎತ್ತಿಕೊಳ್ಳುವುದು ಕಟ್ಟಿದ ಹಾಗಲ್ಲ ಎಂದು ಅವ್ವ ಒಪ್ಪಿದ್ದಳು. ಶುಕ್ರವಾರ ಬಂತು, ಕೂಸಿನ ಜ್ವರ ಇನ್ನೂ ಇಳಿದಿರಲಿಲ್ಲ. ಅವ್ವ ಮತ್ತೆ ಕುಂಕುಮದ ತಟ್ಟೆ ತಂದಳು. ನಾನು ಹಿಡಿದುಕೊಂಡಿದ್ದೆ, ಹುಣ್ಣಿಗೆ ಬೆರಳು ತಾಗಿ ಕೋಳಿ ಕೊಸರಿತು, ತಟ್ಟೆ ವಾಲಿ ಕುಂಕುಮ ಒಗೆಯುವ ಕಲ್ಲಿನ ಮೇಲೆ ಚೆಲ್ಲಿತು. ಅವ್ವ ಅಪಶಕುನವೆಂದು ಎದೆ ಹಿಡಿದುಕೊಂಡು ಒಳಗೆ ಹೋದಳು. ನಾನು ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಗೌಡ್ತಿ ಕಲ್ಲಿನ ಹತ್ತಿರ ಬಂದಳು. ಕುಂಕುಮ ಬಿದ್ದ ಜಾಗಕ್ಕೆ ಕತ್ತು ಓರೆ ಮಾಡಿ ನೋಡಿದಳು. ಕುಕ್ಕಿದಳು. ಅಲ್ಲಿ ಕಾಳಿಲ್ಲ, ಹುಳವಿಲ್ಲ, ಬರೀ ಕೆಂಪು ಪುಡಿ. ಮತ್ತೆ ಕುಕ್ಕಿದಳು. ಗಿಡ್ಡಿ ಬಂದಳು, ಉಳಿದವೂ ಬಂದವು. ಬರಿಯ ಕಲ್ಲನ್ನು ಎಲ್ಲ ಸೇರಿ ಟಕಟಕನೆ ಕುಕ್ಕತೊಡಗಿದವು. ಒಳಗೆ ಹೋಗಿ ಹೊಲಿಗೆಯ ಗಂಟಿನಿಂದ ಚಿಂದಿ ಬಟ್ಟೆ ತಂದೆ. ಹಸಿರು, ಹಳದಿ, ನೀಲಿ, ಕೆಂಪು ತುಂಡುಗಳನ್ನು ನೆಲಕ್ಕೆ ಎಸೆದೆ. ಉಳಿದ ಬಣ್ಣಗಳನ್ನು ಒಂದು ಸಲ ಕುಕ್ಕಿ ಬಿಟ್ಟವು. ಕೆಂಪಿಗೆ ಮಾತ್ರ ಮುಗಿಬಿದ್ದು ಎಳೆದಾಡಿದವು. ಕರಿಯದರ ಕಾಲು ತಿರುಗಿಸಿ ನೋಡಿದೆ. ಕೆಂಪು ಬಟ್ಟೆ ಕಟ್ಟಿದಲ್ಲೇ ಸುತ್ತ ಗಾಯ. ಅದನ್ನು ಕಾಯಲೆಂದು ನಾವು ಹಚ್ಚಿದ ಗುರುತೇ ಅದರ ಜೀವಕ್ಕೆ ಮುಳುವಾಗಿತ್ತು. ಅಪ್ಪಟ ಕರಿ ಕೋಳಿಯ ನಡುನೆತ್ತಿಗೆ ಕೆಂಪು ಬಳಿದು, ಇಲ್ಲಿ ಕುಕ್ಕಿ ಎಂದು ನಾವೇ ತೋರಿಸಿಕೊಟ್ಟಿದ್ದೆವು. ಆಮೇಲೆ ರಕ್ತ ಬಂತು, ಅದೂ ಕೆಂಪೇ.

ಅವ್ವನಿಗೆ ಹೇಳಿದರೆ ಕೆಂಡವಾದಳು. “ಕುಂಕುಮ ಬ್ಯಾಡ ಅಂತೀಯೇನೆ? ಕೂಸು ಆ ಸ್ಥಿತೀಲಿರುವಾಗ ದೇವ್ರ ಕುಂಕುಮ ಅಳಿಸು ಅಂತೀಯ? ಏನ್ ಬಾಯೇ ನಿಂದು!” ಎಂದಳು. ನಾನೂ ಸುಮ್ಮನಿರಲಿಲ್ಲ. “ಅಳಿಸ್ದೆ ಇದ್ರೆ ಕೋಳಿ ಭಾನುವಾರ ನೋಡಲ್ಲ. ಸತ್ತ ಕೋಳಿ ಒಪ್ಪಿಸ್ತೀಯ ಚೌಡಮ್ಮಂಗೆ? ಬಾ, ನೀನೇ ಬಂದು ನೋಡು” ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ಮತ್ತೊಂದು ಕೆಂಪು ತುಂಡು ಎಸೆದೆ. ಅವ್ವ ನೋಡಿದಳು. ಗೌಡ್ತಿ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಓಡಿದ್ದನ್ನು, ಉಳಿದವು ಹಿಂದೆ ಬಿದ್ದದ್ದನ್ನು ನೋಡಿದಳು.

ಆಮೇಲೆ ಅವ್ವ ಮೆಟ್ಟಿಲ ಮೇಲೆ ಕೂತು, ಕೋಳಿಯನ್ನು ಮಡಿಲಿಗೆ ತೆಗೆದುಕೊಂಡು, ಕಾಲಿನ ಬಟ್ಟೆ ಬಿಚ್ಚಿದಳು. ಒದ್ದೆ ಬಟ್ಟೆಯಲ್ಲಿ ನೆತ್ತಿ ಒರೆಸಿದಳು. ಆಮೇಲೆ ರೆಕ್ಕೆ ಎತ್ತಿ, ಒಳಗಡೆ ಪುಕ್ಕವಿಲ್ಲದ ಜಾಗಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು ರೆಕ್ಕೆ ಮುಚ್ಚಿದಳು. “ಆ ತಾಯಿಗೆ ಕಾಣ್ದೆ ಇರೋ ಜಾಗ ಎಲ್ಲೈತೆ ಬಿಡು” ಎಂದಳು, ನನಗಲ್ಲ, ತನಗೇ ಎಂಬಂತೆ. ಹುಣ್ಣಿನ ಕೆಂಪು ಉಳಿಯಿತು. ಅವ್ವ ಎದ್ದು ಒಳಗೆ ಹೋಗಿ ಕೂಸಿಗೆಂದು ಮಾಡಿಟ್ಟ ಕಾಡಿಗೆಯ ಡಬ್ಬಿ ತಂದಳು. ನಾನು ಬೇಡ ಎನ್ನಬೇಕೆಂದಿದ್ದೆ, ಅವಳ ಮುಖ ನೋಡಿ ಕೋಳಿಯ ತಲೆ ಅಲುಗದಂತೆ ಹಿಡಿದುಕೊಂಡೆ. ಬೆರಳ ತುದಿಯಲ್ಲಿ ತೆಗೆದು, ಹುಣ್ಣಿನ ಮೇಲೆ ನೋವಾಗದಂತೆ ಸವರಿದಳು. ಕಪ್ಪಿನಲ್ಲಿ ಕಪ್ಪು ಸೇರಿತು. ಗಾಯ ಎಲ್ಲಿದೆ ಎಂದು ನನಗೇ ಕಾಣದಾಯಿತು.

ಅವು ಒಂದೇ ದಿನಕ್ಕೆ ಬಿಡಲಿಲ್ಲ. ಆದರೆ ಕುಕ್ಕುವುದರಲ್ಲಿ ಮೊದಲಿನ ಹಟವಿರಲಿಲ್ಲ. ಒಂದು ಸಲ ಕುಕ್ಕಿ, ನಿನ್ನ ಜಾಗ ತಿಳಿದುಕೋ ಎಂಬಂತೆ ಮುಂದೆ ಹೋಗುತ್ತಿದ್ದವು. ಕರಿಯದು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಲು ಕಲಿಯಿತು. ಒಂದು ಸಂಜೆ ಅದು ಗೂಡಿನ ಬಾಗಿಲಿಗೆ ಹೋಯಿತು. ಒಳಗಿನಿಂದ ಕುಕ್ಕು ಬೀಳಲಿಲ್ಲ. ಅವ್ವ ಮತ್ತು ನಾನು ನೋಡುತ್ತಿದ್ದೆವು. ತಲೆ ಹೋಯಿತು, ಮೈ ಹೋಯಿತು, ಬಾಲ ಹೋಯಿತು. ಬಗ್ಗಿ ನೋಡಿದರೆ ಗೌಡ್ತಿಯ ಪಕ್ಕದಲ್ಲೇ ಒತ್ತಿಕೊಂಡು ಕೂತಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆ ವಾರವೇ ಕೂಸಿನ ಉಸಿರಿನ ಮಿಷನ್ ತೆಗೆದರು. ಇವೆರಡಕ್ಕೂ ಸಂಬಂಧವಿಲ್ಲ ಎಂದು ಈಗ ಹೇಳಬಲ್ಲೆ, ಆಗ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಆಮೇಲೆ ಸುದ್ದಿಗಳು ನಿಧಾನವಾಗಿ ತಿರುಗಿದವು. ಹನಿ ಹನಿ ಹಾಲು ಕುಡಿಯಿತು. ರೇಣುಕಾಗೆ ಎದೆಯ ಮೇಲೆ ಮಲಗಿಸಿಕೊಳ್ಳಲು ಬಿಟ್ಟರು. ಅತ್ತರೆ ದನಿ ಕೇಳುತ್ತದಂತೆ. ಇತ್ತ ಕರಿಯದರ ನೆತ್ತಿಯ ಮೇಲೆ ಹೊಸ ಪುಕ್ಕ ಬಂತು. ನಾನು ಅವ್ವನ ಹಳೆಯ ಮಿಷನ್ನಿನಲ್ಲಿ ಹೊಲಿಯುವಾಗ ಬಂದು ನನ್ನ ಪಾದದ ಮೇಲೆ ಕೂರುತ್ತಿತ್ತು, ಪೆಡಲು ತುಳಿಯಲು ಬಿಡದೆ. ಒಂದು ಬೆಳಗ್ಗೆ ಕೊಟ್ಟಿಗೆಯ ಹುಲ್ಲಿನಲ್ಲಿ ತನ್ನ ಮೊದಲ ಮೊಟ್ಟೆ ಇಟ್ಟು, ಊರಿಗೇ ಕೇಳುವ ಹಾಗೆ ಸಾರಿತು. ಚಿಕ್ಕ ಮೊಟ್ಟೆ. ಗೌಡ್ತಿ ಓಡಿಬಂದು ತಾನೂ ಜೊತೆಗೆ ಕೂಗಿದಳು. ನಾನು ಅದನ್ನು ಮುದ್ದು ಮಾಡಿ ಮಾತಾಡಿಸುವುದನ್ನು ಕಂಡ ಅವ್ವ, “ಜಾಸ್ತಿ ಹಚ್ಕಬ್ಯಾಡ ಕಣೆ” ಎಂದಳು. ನಾನು ಕೇಳಿಸದವಳ ಹಾಗೆ ಅದಕ್ಕೆ ಇನ್ನೊಂದಿಷ್ಟು ಕಾಳು ಹಾಕಿದೆ. ಅದನ್ನು ಬದುಕಿಸುವುದರಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ, ಅದು ಯಾತಕ್ಕೆ ಬದುಕಿರಬೇಕು ಎಂಬುದೇ ಮನಸ್ಸಿನಿಂದ ಜಾರಿತ್ತು.

ಕೂಸು ಮನೆಗೆ ಬಂದಾಗ ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಂಪಾಗಿತ್ತು. ಲೋಕೇಶ ಕಾರಿನಿಂದ ಬ್ಯಾಗು ಇಳಿಸಿದ. ರೇಣುಕಾ ಸೊರಗಿ ಅರ್ಧವಾಗಿದ್ದಳು. ಅವಳ ತೋಳಿನಲ್ಲಿ ಬಟ್ಟೆಯ ಗಂಟಿನ ನಡುವೆ ಒಂದು ಪುಟ್ಟ ಮುಖ. ಅವ್ವ ಆರತಿ ಎತ್ತಿದಳು. ಹೊಸ್ತಿಲು ದಾಟಿದ ತಕ್ಷಣ ಕೂಸು ಆಕಳಿಸಿತು, ನಾವೆಲ್ಲ ಅದನ್ನು ದೊಡ್ಡ ಸಾಹಸವೆಂಬಂತೆ ನೋಡಿ ನಕ್ಕೆವು. ಎಷ್ಟೋ ದಿನದ ಮೇಲೆ ನನ್ನ ಎದೆಯ ಭಾರ ಇಳಿಯಿತು. ಅಂಜನಾಪುರದ ಬೀಗರೂ ಬಂದಿದ್ದರು. ಅವರು ಕೂಸಿನ ಕಾಲನ್ನು ಒಂದು ಬೆರಳಿನಿಂದ ಮುಟ್ಟಿ, “ನಾಳೆ ಮಂಗಳಾರ. ಮುಗಿಸಿಬಿಡೂಣ್ರಿ ಬೀಗ್ತಿ” ಎಂದರು. ಅವ್ವ ತಲೆಯಾಡಿಸಿದಳು. ನಾನು ನೀರು ತರುವ ನೆಪದಲ್ಲಿ ಎದ್ದುಹೋದೆ.

ಬೆಳಗ್ಗೆ ಲೋಕೇಶ ಹಿಡಿಯಲು ಹೋದ. ಕರಿಯದು ಕೈಗೆ ಸಿಗಲಿಲ್ಲ. ಅದು ಕೂಗಿದ್ದೇ ತಡ ಹಿತ್ತಿಲ ಕೋಳಿಗಳೆಲ್ಲ ಕೂಗೆಬ್ಬಿಸಿದವು. ಗೌಡ್ತಿ ಪುಕ್ಕ ಕೆದರಿಕೊಂಡು ಲೋಕೇಶನ ಕಾಲಿಗೇ ಎಗರಿದಳು. ಅವನು ಹಿಂದೆ ಸರಿದು, “ಏ ಅಕ್ಕಾ, ಇವು ಎಲ್ಲಾ ಒಂದಾಗಿಬಿಟ್ಟಾವಲ್ಲ!” ಎಂದು ನಕ್ಕ. ಬೀಗರು ಪ್ರಯತ್ನಿಸಿದರು, ಅವ್ವ ಪ್ರಯತ್ನಿಸಿದಳು. ಹೊತ್ತು ಏರುತ್ತಿತ್ತು. ಕೊನೆಗೆ ಅವ್ವ ನನ್ನ ಹತ್ತಿರ ಬಂದಳು. ಮುಖ ಎತ್ತದೆ, “ನೀ ಕರೆದ್ರೆ ಬರ್ತತೆ ಕಣವ್ವ” ಎಂದಳು. ಅವ್ವ ನನ್ನನ್ನು ಹಾಗೆ ಅವ್ವ ಎಂದು ಕರೆಯುವುದು ತೀರಾ ಅಪರೂಪ.

ರೇಣುಕಾ ಹಿತ್ತಿಲ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲ ಕತೆಯೂ ಫೋನಿನಲ್ಲಿ ಕೇಳಿ ಅವಳಿಗೆ ಗೊತ್ತಿತ್ತು. “ಅಕ್ಕಾ, ನಿಂಗೆ ಆಗಲ್ಲ ಅಂದ್ರೆ ಬ್ಯಾಡ” ಎಂದಳು. ಎಂದವಳು ಕೂಸನ್ನು ಇನ್ನೂ ಬಿಗಿಯಾಗಿ ಎದೆಗೆ ಒತ್ತಿಕೊಂಡಳು. ಆಗಲ್ಲ ಎಂದು ನಾನು ಹೇಳಬಹುದಿತ್ತು. ಅವ್ವ ಆಣೆ ಹಾಕುತ್ತಿರಲಿಲ್ಲ, ಯಾರೂ ಬಲವಂತ ಮಾಡುತ್ತಿರಲಿಲ್ಲ. ಆದರೆ ನಾಳೆ ಕೂಸಿಗೆ ಒಂದು ಸಣ್ಣ ಜ್ವರ ಬಂದರೂ ಆ ಮನೆಯಲ್ಲಿ ಯಾರ ಕಣ್ಣು ಯಾರತ್ತ ತಿರುಗುತ್ತದೆ? ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣೇ ನನ್ನತ್ತ ತಿರುಗುತ್ತಿತ್ತು.

ಹಿಡಿ ಅಕ್ಕಿ ತೆಗೆದುಕೊಂಡು ಹಿತ್ತಿಲ ನಡುವೆ ಕುಕ್ಕರಗಾಲಲ್ಲಿ ಕೂತು “ಬೊ ಬೊ ಬೊ” ಎಂದೆ. ಸೌದೆಯ ಹಿಂದಿನಿಂದ ಅದು ಓಡಿಬಂತು. ಅದರ ಹಿಂದೆ ಗೌಡ್ತಿ, ಗಿಡ್ಡಿ, ಎಲ್ಲ. ಗೌಡ್ತಿ ಅದನ್ನು ಕುಕ್ಕಲಿಲ್ಲ, ಪಕ್ಕದಲ್ಲೇ ನಿಂತು ತಿಂದಳು. ನಾನು ಕರಿಯದರ ಬೆನ್ನಿನ ಮೇಲೆ ಕೈಯಿಟ್ಟೆ. ಅದು ಯಾವಾಗಲೂ ಮಾಡುವ ಹಾಗೆ ರೆಕ್ಕೆ ತುಸು ಅಗಲಿಸಿ ತಗ್ಗಿ ಕೂತುಕೊಂಡಿತು. ಎತ್ತಿಕೊಂಡೆ. ಬೆಚ್ಚಗಿತ್ತು. ಕೊಸರಲೂ ಇಲ್ಲ. ಲೋಕೇಶನ ಕೈಗೆ ಕೊಟ್ಟು ಒಳಗೆ ಬಂದೆ. ಅವರು ಗದ್ದೆಯ ಕಡೆ ಹೋದರು. ನಾನು ಮಿಷನ್ನಿನ ಮುಂದೆ ಕೂತು, ಬಟ್ಟೆಯಿಲ್ಲದೆಯೇ ಸುಮ್ಮನೆ ಪೆಡಲು ತುಳಿಯುತ್ತಿದ್ದೆ.

ಮಧ್ಯಾಹ್ನ ಅವ್ವ ಸಾರು ಮಾಡಿದಳು. ಹರಕೆಯ ಊಟವನ್ನು ಮನೆಯವರೆಲ್ಲ ಉಣ್ಣಬೇಕು, ಒಬ್ಬರು ಎಲೆ ಬಿಟ್ಟರೂ ಕೊಟ್ಟದ್ದು ಸಲ್ಲುವುದಿಲ್ಲ ಎಂದು ಬೀಗರು ಎಲೆ ಹಾಕುತ್ತಾ ಹೇಳಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಅನ್ನವನ್ನು ಕಲಸುತ್ತಾ ಕಾಯುತ್ತಿದ್ದರು. ರೇಣುಕಾಳ ತೊಡೆಯ ಮೇಲೆ ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು. ಕೆನ್ನೆಗೆ ಒಂದಿಷ್ಟು ಬಣ್ಣ ಬಂದಿತ್ತು. ಅದನ್ನೇ ನೋಡುತ್ತಾ ನಾನು ತುತ್ತು ಎತ್ತಿ ಬಾಯಿಗಿಟ್ಟೆ. ಅವ್ವನ ಕೈಯ ಸಾರು ಯಾವತ್ತಿನ ಹಾಗೇ ರುಚಿಯಾಗಿತ್ತು. ರುಚಿಯಾಗಿತ್ತಲ್ಲ, ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಆದರೂ ಎಲೆ ಖಾಲಿಯಾಗುವವರೆಗೆ ಉಂಡೆ.